ಮಳೆಯಲ್ಲಿ ನಿಲ್ಲುವ ಗಾಡಿ

ಸಾತಪ್ಪನ ಪಿಕಪ್ ಗಾಡಿಯನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದಾಗ ದಾಂಡೇಲಿಯಲ್ಲಿ ಕಾಗದದ ಮಿಲ್ಲಿನ ಮಧ್ಯಾಹ್ನದ ಪಾಳಿಯ ಸೈರನ್ ಆಗಿತ್ತು. ತನ್ನ ಅಂಗಡಿಯ ಮುಂದೆ ಆಟೊವೊಂದರ ಇಂಡಿಕೇಟರ್ ವೈರಿಗೆ ಟೇಪ್ ಸುತ್ತುತ್ತಿದ್ದ ರಾಜಶ್ರೀ ಹಾಗೇ ಎದ್ದು ನಿಂತಳು. ಗಾಡಿಯ ಎಡಬದಿಯ ಬಂಪರ್ ಒಳಗೆ ಹೋಗಿತ್ತು. ಕೆಂಪು ಮಣ್ಣು ಬಾನೆಟ್ಟಿನ ತನಕ ಮೆತ್ತಿಕೊಂಡಿತ್ತು. ಸ್ಟೇರಿಂಗ್ ಹಿಡಿದು ಕೂತಿದ್ದ ಸಾತಪ್ಪ ಗಾಡಿ ನಿಂತ ಮೇಲೂ ಕೆಳಗಿಳಿಯಲಿಲ್ಲ.

"ಚಾವಿ ತಿರುವಿದ್ರ ಚಾಲೂ ಆಕ್ಕೈತಿ ತಂಗಿ," ಎಂದ. "ಆದ್ರ ನನಗ ತಿರುವಾಕ ಕೈ ಬರವಲ್ದು."

ಸಾತಪ್ಪನಿಗೆ ಐವತ್ತರ ಆಸುಪಾಸು. ಹಳಿಯಾಳದ ಕಡೆಯ ಹಳ್ಳಿಯವನು. ವಾರಕ್ಕೆ ನಾಲ್ಕು ದಿನ ಹಳಿಯಾಳದಲ್ಲಿ ತರಕಾರಿ ತುಂಬಿಕೊಂಡು ದಾಂಡೇಲಿಯ ಮೇಲೆ ಹಾದು ಜೋಯಿಡಾ ದಾರಿಯ ರೆಸಾರ್ಟುಗಳಿಗೆ ಹಾಕಿ ಬರುವುದು ಅವನ ಕೆಲಸ. ಹೆಂಡತಿ ಸಿದ್ದಕ್ಕ ಪ್ರತಿ ಸಲವೂ ಜೊತೆಗೆ ಹೋಗುತ್ತಿದ್ದಳು. ಅಡುಗೆಮನೆಯವರೊಡನೆ ಮಾತಾಡಿ, ತೂಕ ಮಾಡಿ ಕೊಡುವವಳು ಅವಳೇ.

ಬೆಳಿಗ್ಗೆ ಆದದ್ದನ್ನು ಅವನು ತುಂಡು ತುಂಡಾಗಿ ಹೇಳಿದ. ಜೋರು ಮಳೆ. ಕಾಡಿನ ನಡುವಿನ ಇಳಿಜಾರು. ಬಲಕ್ಕೆ ಕೆಳಗೆ ಕಾಳಿ ನದಿ. ತಿರುವಿಗೆ ಇನ್ನೂ ಐವತ್ತು ಹೆಜ್ಜೆ ಇದೆ ಎನ್ನುವಾಗ ಎಂಜಿನ್ನಿನ ಸದ್ದು ನಿಂತುಹೋಯಿತು. ಅಭ್ಯಾಸಬಲದಿಂದ ಕ್ಲಚ್ ಒತ್ತಿದ. ಸ್ಟೇರಿಂಗ್ ಕಲ್ಲಾಯಿತು. ಬ್ರೇಕ್ ಎರಡು ಸಲ ಹಿಡಿಯಿತು, ಮೂರನೆಯ ಸಲ ಕಾಲಿನ ಕೆಳಗೆ ಪೆಡಲ್ ಇಳಿಯಲೇ ಇಲ್ಲ. ಮೈಯ ಭಾರವನ್ನೆಲ್ಲ ಹಾಕಿ ಸ್ಟೇರಿಂಗನ್ನು ಎಡಕ್ಕೆ ಎಳೆದು ಗುಡ್ಡದ ದಿಬ್ಬಕ್ಕೆ ಗಾಡಿ ತಾಗಿಸಿ ನಿಲ್ಲಿಸಿದ್ದ. ಸಿದ್ದಕ್ಕನ ಹಣೆ ಮುಂದಿನ ಗಾಜಿಗೆ ಬಡಿದಿತ್ತು. ಸರಕಾರಿ ಆಸ್ಪತ್ರೆಯಲ್ಲಿ ಎರಡು ಹೊಲಿಗೆ ಹಾಕಿಸಿ ಬಸ್ಸಿಗೆ ಹತ್ತಿಸಿ ಊರಿಗೆ ಕಳಿಸಿದ್ದ.

ರಾಜಶ್ರೀ ಅವನ ಮಾತು ಕೇಳುತ್ತ ಕೇಳುತ್ತ ಕೈಯಲ್ಲಿದ್ದ ಟೇಪನ್ನು ಕೆಳಗಿಟ್ಟಳು. ಆ ಗಾಡಿಯ ಎಂಜಿನ್ ಕಂಪ್ಯೂಟರ್ ಬದಲಿಸಿ ಹದಿನೈದು ದಿನವಾಗಿತ್ತು. ಬದಲಿಸಿದವಳು ಅವಳೇ.

ರಾಜಶ್ರೀಯ ಅಪ್ಪ ಶಿವಲಿಂಗ ಸವದತ್ತಿಯ ಕಡೆಯಿಂದ ಬಂದು ಕಾಗದದ ಮಿಲ್ಲಿನಲ್ಲಿ ಎಲೆಕ್ಟ್ರಿಶಿಯನ್ ಆಗಿ ಮೂವತ್ತು ವರ್ಷ ದುಡಿದವನು. ವೈರು ಹಿಡಿಯುವುದನ್ನು ಅವಳು ಅವನಿಂದಲೇ ಕಲಿತಿದ್ದಳು. ಹತ್ತು ವರ್ಷದಿಂದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಗಾಡಿಗಳ ವೈರಿಂಗ್ ಅಂಗಡಿ ನಡೆಸುತ್ತಿದ್ದಳು. ಹೆಂಗಸು ಗಾಡಿ ರಿಪೇರಿ ಮಾಡುತ್ತಾಳೆ ಎಂದು ಮೊದಮೊದಲು ನೋಡಲು ಬರುತ್ತಿದ್ದವರು ಈಗ ಕೆಲಸಕ್ಕೇ ಬರುತ್ತಿದ್ದರು. ಸಾತಪ್ಪ ಮೊದಲ ದಿನಗಳಿಂದಲೂ ಅವಳಲ್ಲಿಗೆ ಬಂದವನು.

ಜೂನಿನಲ್ಲಿ ಅವನು ಬಂದದ್ದು ಗಾಡಿ ನಡುದಾರಿಯಲ್ಲಿ ಬಂದ್ ಆಗುತ್ತದೆ ಎಂಬ ದೂರಿನೊಂದಿಗೆ. ದಿನವೂ ಅಲ್ಲ, ಆಗೊಮ್ಮೆ ಈಗೊಮ್ಮೆ. ಹನ್ನೆರಡು ವರ್ಷದ ಹಳೆಯ ಗಾಡಿ ಅದು. ಡೀಸೆಲ್ ಎಷ್ಟು, ಯಾವಾಗ ಎಂಜಿನ್ನಿಗೆ ಹೋಗಬೇಕು ಎಂಬುದನ್ನೆಲ್ಲ ಸೀಟಿನ ಹಿಂದೆ ಕೂರಿಸಿದ ಅಂಗೈಯಗಲದ ಪೆಟ್ಟಿಗೆಯೊಂದು ನಿರ್ಧರಿಸುತ್ತದೆ. ಆ ಕಂಪ್ಯೂಟರಿಗೆ ಇಸಿಎಂ ಎನ್ನುತ್ತಾರೆ. ರಾಜಶ್ರೀ ದೋಷ ಹುಡುಕುವ ಸ್ಕ್ಯಾನರ್ ಹಚ್ಚಿದಳು. ಇಸಿಎಮ್ಮಿನ ಒಳಗೇ ದೋಷವಿದೆ ಎಂದು ಅದು ತೋರಿಸಿತು. ಹುಬ್ಬಳ್ಳಿಯ ಪರಿಚಯದ ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಕೇಳಿದಳು. ಹಳೆಯದಾಗಿದೆ, ಬದಲಿಸಿ ಎಂದ. ಗುಜರಿಗೆ ಹೋದ ಅದೇ ತರಹದ ಗಾಡಿಯೊಂದರ ಪೆಟ್ಟಿಗೆ ತರಿಸಿ, ಹಳೆಯದರೊಳಗಿನ ಚಾವಿಯ ಗುರುತನ್ನು ಅದಕ್ಕೆ ಬರೆಯಿಸಿ, ಕೂರಿಸಿದಳು. ಮೊದಲ ಸಲಕ್ಕೇ ಚಾಲೂ ಆಯಿತು. ಆಮೇಲೆ ಹದಿನೈದು ದಿನ ಒಂದು ತಕರಾರೂ ಬರಲಿಲ್ಲ. ಬರದಿದ್ದಾಗ ಅವಳೂ ಅದನ್ನು ಮರೆತಿದ್ದಳು.

ಸಾತಪ್ಪ ಗಾಡಿ ಬಿಟ್ಟು ಬಸ್ಸಿಗೆ ಹೋದ ಮೇಲೆ ಅವಳು ಚಾವಿ ತಿರುವಿದಳು. ಎಂಜಿನ್ ಏನೂ ಆಗದಂತೆ ಚಾಲೂ ಆಯಿತು. ಸ್ಕ್ಯಾನರಿನಲ್ಲಿ ಅದೇ ಸಾಲು: ಇಸಿಎಮ್ಮಿನ ಒಳಗೆ ದೋಷ.

ಎರಡು ಪೆಟ್ಟಿಗೆಗೂ ಒಂದೇ ದೋಷ ಬರುವುದು ಹೇಗೆ ಎಂದು ಅವಳು ಬಹಳ ಹೊತ್ತು ಸ್ಟೂಲಿನ ಮೇಲೆ ಕೂತಿದ್ದಳು.

ಮರುದಿನ ಮಳೆ ಬಿಡುವು ಕೊಟ್ಟಿತ್ತು. ಒಬ್ಬಳೇ ಗಾಡಿ ತೆಗೆದುಕೊಂಡು ಹಳಿಯಾಳದ ಕಡೆ ಹತ್ತು ಕಿಲೋಮೀಟರ್ ಹೋಗಿ ಬಂದಳು. ಮಧ್ಯಾಹ್ನ ಪಕ್ಕದ ಕೋಗಿಲಬನದ ತನಕ ಓಡಿಸಿದಳು. ಸಂಜೆ ಇನ್ನೊಂದು ಸುತ್ತು. ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ಪ್ರತಿ ಇಳಿಜಾರಿನಲ್ಲೂ ಅವಳ ಕಿವಿ ಎಂಜಿನ್ನಿನ ಸದ್ದಿಗೇ ಅಂಟಿಕೊಂಡಿರುತ್ತಿತ್ತು. ಎದುರಿಗೆ ಬಸ್ಸು ಕಂಡರೆ ಗಾಡಿಯನ್ನು ರಸ್ತೆಯ ಅಂಚಿಗೆ ಸರಿಸುತ್ತಿದ್ದಳು. ಕೆಟ್ಟ ಗಾಡಿಗೆ ಅವಳು ಯಾವತ್ತೂ ಹೆದರಿದವಳಲ್ಲ. ಕೆಟ್ಟಿದ್ದೂ ಚೆನ್ನಾಗಿ ಓಡುವ ಗಾಡಿ ಅವಳನ್ನು ಹೆದರಿಸಿತು.

ಅಂದು ಊಟಕ್ಕೆ ಕೂತಾಗ ಗಂಡ ಈರೇಶ ಅವಳ ತಟ್ಟೆ ನೋಡಿ ಏನಾಗಿದೆ ಎಂದು ಕೇಳಿದ. ಅವನು ಮಿಲ್ಲಿನಲ್ಲಿ ಪಾಳಿಯ ಮೇಲೆ ಕೆಲಸ ಮಾಡುವವನು. ಹೇಳಿದಳು. ಆ ಗಾಡಿಯನ್ನು ಮತ್ತೆ ಮುಟ್ಟಬೇಡ, ತಂದ ಪೆಟ್ಟಿಗೆಯೇ ಸರಿಯಿರಲಿಲ್ಲ ಎಂದು ಹೇಳಿ ಗಾಡಿಯನ್ನು ಹುಬ್ಬಳ್ಳಿಗೆ ಕಳಿಸಿಬಿಡು ಎಂದ. ಗುಜರಿಯ ಸಾಮಾನು, ಯಾರೂ ನಿನ್ನನ್ನು ದೂರುವುದಿಲ್ಲ ಎಂದ. ಅವನ ಮಾತು ತಪ್ಪಾಗಿರಲಿಲ್ಲ. ಮಲಗಿದ ಮೇಲೆ ಅವಳು ಅದೇ ಮಾತನ್ನು ಸಾತಪ್ಪನಿಗೆ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಪ್ರತಿ ಸಲ ಜೋಡಿಸುವಾಗಲೂ ಆ ಗಾಡಿ ಇನ್ನೊಬ್ಬನ ಕೈಯಲ್ಲಿ, ಇನ್ನೊಂದು ತಿರುವಿನಲ್ಲಿ ನಿಂತಂತೆ ಕಾಣುತ್ತಿತ್ತು.

ಮೂರನೆಯ ದಿನ ಸಾತಪ್ಪ, ಸಿದ್ದಕ್ಕ ಇಬ್ಬರೂ ಬಸ್ಸಿನಲ್ಲಿ ಬಂದರು. ಅಂದು ತರಕಾರಿಯನ್ನು ಬೇರೆ ಗಾಡಿಗೆ ಸಾಗಿಸಿದ ಮೇಲೆ ಉಳಿದಿದ್ದ ಖಾಲಿ ಟ್ರೇಗಳನ್ನು ಒಯ್ಯಬೇಕಿತ್ತು. ಸಿದ್ದಕ್ಕ ಸೆರಗನ್ನು ಹಣೆಯ ಪಟ್ಟಿಯ ಮೇಲೆ ಎಳೆದುಕೊಂಡಿದ್ದಳು. ಗಾಡಿಯಿಂದ ನಾಲ್ಕು ಮಾರು ದೂರದಲ್ಲೇ ನಿಂತಳು. ರಾಜಶ್ರೀ ಅವಳಿಗೆ ಕುರ್ಚಿ ಹಾಕಿ, ಆ ಹೊತ್ತು ಕಂಡದ್ದನ್ನೆಲ್ಲ ಹೇಳಿರೆಂದು ಕೇಳಿದಳು. ಎಂಜಿನ್ನಿನ ಬಗ್ಗೆ ನನಗೇನು ಗೊತ್ತು ಎಂದಳು ಸಿದ್ದಕ್ಕ ಮೊದಲು. ಆಮೇಲೆ ನೆನಪಿಸಿಕೊಂಡು ಹೇಳತೊಡಗಿದಳು. ಮಂಜು ಕವಿದಿದ್ದರಿಂದ ಹಗಲೇ ಲೈಟು ಹಾಕಿದ್ದರು. ವೈಪರ್ ಓಡುತ್ತಿತ್ತು. ಗಾಜಿನ ಮೇಲೆ ಉಸಿರು ಕಟ್ಟುತ್ತದೆಂದು ಗಾಳಿಯ ಫ್ಯಾನನ್ನೂ ಹಾಕಿದ್ದರು.

"ಬಂದ್ ಬೀಳೂಕಿಂತ ಮೊದಲ ಲೈಟು ಹಳದಿ ಆಗಿದ್ವು," ಎಂದಳು. "ವೈಪರ್ ಹಿಂಗ ಕುಂಟಿದಂಗ ಹೋತು. ನಾ ಇವರಿಗೆ ಹೇಳೂದ್ರಾಗ ನಿಂತ ಬಿಡ್ತು."

ಜೂನಿನಲ್ಲಿ ಬಂದ್ ಬಿದ್ದಾಗಲೂ ಮಳೆಯಿತ್ತೇ ಎಂದು ರಾಜಶ್ರೀ ಕೇಳಿದಳು. ಸಾತಪ್ಪ ಸ್ವಲ್ಪ ಯೋಚಿಸಿದ. ಹೌದು, ಮೂರು ಸಲವೂ ಮಳೆಯಲ್ಲೇ ಎಂದ. ಹೊಸ ಪೆಟ್ಟಿಗೆ ಹಾಕಿದ ಮೇಲೆ? ಆ ಹದಿನೈದು ದಿನ ಮಳೆ ಕೈಕೊಟ್ಟಿತ್ತಲ್ಲ, ಸಸಿ ಹಚ್ಚುವವರೆಲ್ಲ ಮುಗಿಲು ನೋಡುತ್ತ ಕೂತಿದ್ದರಲ್ಲ ಎಂದ.

ರಾಜಶ್ರೀಯ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಸುಮ್ಮನೆ ತಿರುಗುವುದು ನಿಂತಿತು. ಹಾಗಾದರೆ ಪೆಟ್ಟಿಗೆ ಬದಲಿಸಿದ್ದರಿಂದ ಏನೂ ಸರಿಯಾಗಿರಲಿಲ್ಲ. ಮಳೆ ನಿಂತಿತ್ತು, ಅಷ್ಟೇ.

ಲೈಟು, ವೈಪರ್, ಫ್ಯಾನ್ ಮೂರೂ ಸೇರಿ ಎಳೆದುಕೊಂಡ ಕರೆಂಟು ಗಾಡಿಯ ಬಾಡಿಯ ಮೂಲಕವೇ ಬ್ಯಾಟರಿಗೆ ವಾಪಸು ಹೋಗಬೇಕು. ಆ ವಾಪಸು ದಾರಿಗೆ ಅರ್ಥಿಂಗ್ ಎನ್ನುತ್ತಾರೆ. ಅದು ಸರಿಯಿಲ್ಲದಿದ್ದರೆ ಲೈಟು ಮಂದವಾಗುತ್ತದೆ, ಇಸಿಎಮ್ಮಿಗೂ ಕರೆಂಟು ಸಾಲದೆ ಅದು ಮೂರ್ಛೆ ಹೋಗುತ್ತದೆ. ಅವಳು ವೋಲ್ಟ್ ಅಳೆಯುವ ಮೀಟರ್ ತಂದು, ಒಂದು ತುದಿಯನ್ನು ಇಸಿಎಮ್ಮಿನ ಅರ್ಥಿಂಗಿಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿದಳು. ಎಲ್ಲ ಆರಿಸಿದ್ದಾಗ ಸೊನ್ನೆಯ ಹತ್ತಿರವೇ ಇತ್ತು. ಲೈಟು, ವೈಪರ್, ಫ್ಯಾನ್ ಹಾಕಿದಾಗ ಅರ್ಧ ವೋಲ್ಟಿನ ಸಮೀಪ ಬಂತು. ಇರಬಾರದಿತ್ತು. ಆದರೆ ಅಷ್ಟಕ್ಕೆ ಎಂಜಿನ್ ನಿಲ್ಲುವುದಿಲ್ಲ.

ಸಿಕ್ಕಿತು ಎಂದು ಹೇಳಿಬಿಡಬಹುದಿತ್ತು. ಆದರೆ ಒಮ್ಮೆ ಹಾಗೆ ಹೇಳಿಯೇ ಸಿದ್ದಕ್ಕನ ಹಣೆಗೆ ಹೊಲಿಗೆ ಬಿದ್ದಿತ್ತು. ಗಾಡಿ ನಿಲ್ಲುವುದನ್ನು ಕಣ್ಣಾರೆ ನೋಡಬೇಕು, ನಿಲ್ಲುವ ಹೊತ್ತಿಗೆ ಮೀಟರ್ ಏನು ಹೇಳುತ್ತದೆ ಎಂಬುದೂ ಗೊತ್ತಾಗಬೇಕು. ಅದಕ್ಕೆ ಗಾಡಿಗೆ ಭಾರ ಬೇಕು, ಕುಲುಕುವ ರಸ್ತೆ ಬೇಕು, ಇಳಿಜಾರು ಬೇಕು. ಉದ್ದನೆಯ ವೈರುಗಳನ್ನು ಎಳೆದು ಮೀಟರನ್ನು ಡ್ಯಾಶ್‌ಬೋರ್ಡಿನ ಮೇಲೆ ಕಟ್ಟಿದಳು. ಓಡಿಸುತ್ತ ತಾನೇ ಅಂಕಿ ನೋಡಲಾಗುವುದಿಲ್ಲ, ಪಕ್ಕದಲ್ಲಿ ಯಾರಾದರೂ ಕೂರಬೇಕು ಎಂದಳು.

ಸಾತಪ್ಪ ನೆಲ ನೋಡಿದ. 

"ನಾ ಬರ್ತೇನಿ," ಎಂದಳು ಸಿದ್ದಕ್ಕ.

ಬೇಡ ಅಕ್ಕಾ ಎಂದು ರಾಜಶ್ರೀ ತಡೆದಳು. ಪಕ್ಕದ ಅಂಗಡಿಯಲ್ಲಿ ಯಾರನ್ನಾದರೂ ಕೇಳುತ್ತೇನೆ ಎಂದಳು.

"ನಾಳೆ ಮತ್ತ ಇವರ ಇದರಾಗ ಕೂಡವರು. ಯಾಕ ನಿಂತಿತು ಅಂತ ತಿಳೀಲಿಲ್ಲಂದ್ರ ನಾ ದಿನಾ ಮನ್ಯಾಗ ಕುಂತು ಹೆಂಗ ಜೀವಾ ಹಿಡ್ಕೊಳ್ಳಲಿ?" ಎಂದಳು ಸಿದ್ದಕ್ಕ. "ಅಂಕಿ ಓದಾಕ ಬರ್ತೈತಿ ನನಗ. ದಿನಾ ತಕ್ಕಡಿ ನೋಡಾಕಿ ನಾ."

ಹಿಂದೆ ಹತ್ತು ಚೀಲ ಮರಳು ಹೇರಿದರು. ಜೋಯಿಡಾ ರಸ್ತೆ ಹಿಡಿಯುವಷ್ಟರಲ್ಲಿ ಮಳೆ ಶುರುವಾಯಿತು. ರಾಜಶ್ರೀ ಮೊದಲು ಏರಿನ ಕಡೆಗೇ ಹೊರಟಳು. ಏರಿನಲ್ಲಿ ನಿಂತರೆ ಹಿಡಿದು ನಿಲ್ಲಿಸುವುದು ಸುಲಭ ಎಂದು ಅವಳ ಲೆಕ್ಕ. ಲೈಟು ಹಾಕಿದಳು, ವೈಪರ್ ಹಾಕಿದಳು, ಫ್ಯಾನ್ ಹಾಕಿದಳು. ಸಿದ್ದಕ್ಕ ಎಡಗೈಯಲ್ಲಿ ಬಾಗಿಲಿನ ಹಿಡಿಕೆ ಹಿಡಿದು, ಮೀಟರಿಗೆ ಮುಖ ಕೊಟ್ಟು ಕೂತು ಒಂದೇ ಸಮನೆ ಅಂಕಿ ಹೇಳುತ್ತಿದ್ದಳು. ಸೊನ್ನೆ ಪಾಯಿಂಟ್ ನಾಲ್ಕು. ಸೊನ್ನೆ ಪಾಯಿಂಟ್ ಐದು. ಸೊನ್ನೆ ಪಾಯಿಂಟ್ ಐದು. ಏರು ಮುಗಿಯಿತು. ಏನೂ ಆಗಲಿಲ್ಲ. ಮೇಲೆ ಸ್ವಲ್ಪ ಅಗಲವಿದ್ದ ಕಡೆ ಗಾಡಿ ತಿರುಗಿಸಿದಳು. ಈಗ ಬಂದ ದಾರಿಯಲ್ಲೇ ಇಳಿಯಬೇಕಿತ್ತು. ಬೇರೆ ದಾರಿಯಿರಲಿಲ್ಲ.

ಎರಡನೆಯ ಗೇರಿಗೆ ಹಾಕಿ ಇಳಿಸತೊಡಗಿದಳು. ಇಬ್ಬರೂ ಮಾತಾಡಲಿಲ್ಲ. ಮರದ ಕೊಂಬೆಗಳಿಂದ ದಪ್ಪ ಹನಿಗಳು ಟಾಪಿನ ಮೇಲೆ ಬೀಳುತ್ತಿದ್ದವು. ರಾಜಶ್ರೀಗೆ ತನ್ನ ಎಡಗಾಲು ತಾನಾಗಿಯೇ ಕ್ಲಚ್ಚಿನ ಮೇಲೆ ಹೋಗುವುದು ಗೊತ್ತಾಗಿ, ಅದನ್ನು ಎಳೆದು ನೆಲಕ್ಕೆ ಒತ್ತಿಟ್ಟಳು. ಎಂಜಿನ್ ನಿಂತರೂ ಗೇರಿನಲ್ಲಿದ್ದರೆ ಚಕ್ರಗಳೇ ಅದನ್ನು ತಿರುಗಿಸುತ್ತಿರುತ್ತವೆ, ತಿರುಗುವ ತನಕ ಸ್ಟೇರಿಂಗೂ ಬ್ರೇಕೂ ಇರುತ್ತವೆ. ಕ್ಲಚ್ ಒತ್ತಿದರೆ ಎರಡೂ ಹೋಗುತ್ತವೆ. ಇದನ್ನು ಅವಳು ಸಾತಪ್ಪನಿಗೆ ಎಂದೂ ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದಿರಲೂ ಇಲ್ಲ.

"ಸೊನ್ನೆ ಪಾಯಿಂಟ್ ಒಂಬತ್ತು," ಎಂದಳು ಸಿದ್ದಕ್ಕ. ರಸ್ತೆಯ ಗುಂಡಿಗೆ ಗಾಡಿ ಕುಲುಕಿತು. "ಒಂದು ಪಾಯಿಂಟ್ ಎಂಟು. ತಂಗಿ, ಇದು ಇಳೀವಲ್ದು."

ಲೈಟಿನ ಬೆಳಕು ಮಳೆಯ ಮೇಲೆ ಹಳದಿಯಾಯಿತು. ವೈಪರ್ ಗಾಜಿನ ನಡುವೆ ಬಂದು ತಡೆದು ತಡೆದು ಹೋಯಿತು. ಎದುರಿಗೆ ತಿರುವು ಕಾಣುತ್ತಿತ್ತು, ಅದರಾಚೆಗೆ ಬರೀ ಬಿಳಿ.

"ಮೂರು. ನಾಲ್ಕು. ಐದು ಆತು, ಐದೂವರಿ."

ಎಂಜಿನ್ ನಿಂತಿತು. ಮಳೆಯ ಸದ್ದು ಒಮ್ಮೆಲೇ ಜೋರಾಗಿ ಕೇಳಿಸಿತು. ರಾಜಶ್ರೀಯ ಕಾಲು ಮತ್ತೆ ಕ್ಲಚ್ಚಿಗೆ ಹಾರಿತು. ಅವಳು ತೊಡೆ ಬಿಗಿಹಿಡಿದು ಅದನ್ನು ತಡೆದಳು. ಗಾಡಿ ತಗ್ಗಿ ಜಗ್ಗಿತು, ಆದರೆ ಸ್ಟೇರಿಂಗ್ ಕೈಗೆ ಬಂತು. ಬ್ರೇಕ್ ಒತ್ತಿದಳು. ಹಿಡಿಯಿತು. ಪಕ್ಕದಲ್ಲಿ ಸಿದ್ದಕ್ಕ ಕಣ್ಣು ಮುಚ್ಚಿರಲಿಲ್ಲ, ಇನ್ನೂ ಅಂಕಿ ಹೇಳುತ್ತಲೇ ಇದ್ದಳು, ಆದರೆ ದನಿ ಬರೀ ಉಸಿರಾಗಿತ್ತು. ಗುಡ್ಡದ ಬದಿಯ ಮೋರಿಯ ಹತ್ತಿರ ಗಾಡಿ ನಿಂತಿತು. ರಾಜಶ್ರೀ ಹ್ಯಾಂಡ್‌ಬ್ರೇಕ್ ಎಳೆದಳು. ಇಳಿದು ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಟ್ಟಳು. ಆಮೇಲೆ ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು.

ಸಿದ್ದಕ್ಕ ಬಂದು ಪಕ್ಕದಲ್ಲಿ ನಿಂತಳು. ಸೆರಗಿನಿಂದ ಅವಳ ತಲೆಯ ಮೇಲಿನ ನೀರು ಒರೆಸಿದಳು.

ಸ್ವಲ್ಪ ಹೊತ್ತಿನ ನಂತರ ರಾಜಶ್ರೀ ಬಾನೆಟ್ ಎತ್ತಿ ಬ್ಯಾಟರಿಯಿಂದ ಬಾಡಿಗೆ ಬರುವ ದಪ್ಪ ಅರ್ಥಿಂಗ್ ಪಟ್ಟಿಯ ಬೋಲ್ಟಿನ ಮೇಲೆ ಬೆರಳಿಟ್ಟಳು. ಬೆರಳು ಸುಟ್ಟಿತು. ಬೇಸಿಗೆಯಲ್ಲಿ ಸಾತಪ್ಪ ತುಕ್ಕು ಹಿಡಿದ ಆ ಜಾಗವನ್ನು ಊರಿನಲ್ಲಿ ವೆಲ್ಡಿಂಗ್ ಮಾಡಿಸಿ ಬಣ್ಣ ಹೊಡೆಸಿದ್ದ. ವೆಲ್ಡಿಂಗಿನವನು ಪಟ್ಟಿಯನ್ನು ದಪ್ಪ ಬಣ್ಣದ ಮೇಲೆಯೇ ಬಿಗಿದಿದ್ದ. ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದ್ದದ್ದು ಬೋಲ್ಟಿನ ಒಂದು ಅಂಚಿನಲ್ಲಿ ಮಾತ್ರ. ಎಲ್ಲರಿಗೂ ಕಾಣುವ ಜಾಗದಲ್ಲೇ ಇತ್ತು. ಪೆಟ್ಟಿಗೆ ಬದಲಿಸುವಾಗ ಅವಳು ಬ್ಯಾಟರಿಯ ವೈರು ತೆಗೆಯಲು ಅದರ ಮೇಲೆಯೇ ಮೊಣಕೈ ಊರಿದ್ದಳು.

ಮಳೆಯಲ್ಲೇ ಬೋಲ್ಟ್ ಬಿಚ್ಚಿ, ಸ್ಕ್ರೂಡ್ರೈವರಿನಿಂದ ಬಣ್ಣ ಕೆರೆದು, ಬಿಳಿ ಕಬ್ಬಿಣ ಕಾಣಿಸಿದ ಮೇಲೆ ಮತ್ತೆ ಬಿಗಿದಳು. ಸಿದ್ದಕ್ಕ ಕೊಡೆ ಹಿಡಿದಳು. ಎಂಜಿನ್ ಚಾಲೂ ಮಾಡಿ ಎಲ್ಲವನ್ನೂ ಹಾಕಿದಾಗ ಮೀಟರ್ ಸೊನ್ನೆ ಪಾಯಿಂಟ್ ಸೊನ್ನೆ ಮೂರು ಎಂದಿತು. ಸಿದ್ದಕ್ಕ ಅದನ್ನು ಎರಡು ಸಲ ಓದಿದಳು. ಇಳಿಜಾರು ಮುಗಿಯುವ ತನಕವೂ ಓದುತ್ತಲೇ ಇದ್ದಳು. ಅಂಕಿ ಅಲುಗಲಿಲ್ಲ. ಆದರೂ ಕೆಳಗೆ ಸಮತಟ್ಟಾದ ರಸ್ತೆ ಸಿಗುವವರೆಗೆ ರಾಜಶ್ರೀ ಎರಡನೆಯ ಗೇರು ಬಿಡಲಿಲ್ಲ.

ಅಂಗಡಿಗೆ ಬಂದ ಮೇಲೆ ರಾಜಶ್ರೀ ಇನ್ನೊಂದು ಕೆಲಸ ಮಾಡಿದಳು. ಮಾಡದೆ ಬಿಡಬಹುದಿತ್ತು. ಕಪಾಟಿನಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿಟ್ಟಿದ್ದ ಸಾತಪ್ಪನ ಮೊದಲಿನ ಪೆಟ್ಟಿಗೆಯನ್ನು ತೆಗೆದು ಗಾಡಿಗೆ ಕೂರಿಸಿದಳು. ಚಾವಿ ತಿರುವುವ ಮುಂಚೆ, ಇದು ಚಾಲೂ ಆಗದಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನಿಸಿತು. ಆದರೆ ಅದು ತಕ್ಷಣ ಚಾಲೂ ಆಯಿತು. ಎಲ್ಲ ಲೈಟು ಹಾಕಿ ಅರ್ಧ ತಾಸು ಬಿಟ್ಟಳು. ನಿಲ್ಲಲಿಲ್ಲ. ಆ ಪೆಟ್ಟಿಗೆಗೆ ಯಾವತ್ತೂ ಏನೂ ಆಗಿರಲಿಲ್ಲ.

ಸಾತಪ್ಪ ಎದುರಿನ ಹೋಟೆಲಿನಿಂದ ಬಂದು ನಿಂತಿದ್ದ. ಅವಳು ಎಂಜಿನ್ ಆರಿಸಿ ಅವನಿಗೆ ಎಲ್ಲವನ್ನೂ ಹೇಳಿದಳು. ತಾನು ಸ್ಕ್ಯಾನರ್ ನಂಬಿದೆ, ಮೀಟರ್ ಹಿಡಿಯಲಿಲ್ಲ, ಹಿಡಿದಿದ್ದರೆ ಜೂನಿನಲ್ಲೇ ಗೊತ್ತಾಗುತ್ತಿತ್ತು ಎಂದಳು. ಪೆಟ್ಟಿಗೆಗೆ ಕೊಟ್ಟದ್ದನ್ನು ವಾಪಸು ಕೊಡುತ್ತೇನೆ ಎಂದಳು. ವೆಲ್ಡಿಂಗಿನವನ ಹೆಸರು ಎತ್ತಲಿಲ್ಲ.

ಸಾತಪ್ಪ ಬಾಗಿ ಆ ಬೋಲ್ಟನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಇಷ್ಟಕ್ಕ," ಎಂದ. ಆಮೇಲೆ, "ಅವತ್ತ ಬಲಕ್ಕ ಎಳದಿದ್ರ?"

ಎಂಜಿನ್ ನಿಂತರೆ ಕ್ಲಚ್ ಒತ್ತಬಾರದು ಎಂಬುದನ್ನು ಅವಳು ಅವನಿಗೆ ಕೂರಿಸಿ, ಕಾಲು ಇಡಿಸಿ ತೋರಿಸಿದಳು. ಅವನು ಹೇಳಿದಂತೆ ಮಾಡಿದ. ಹೊರಡುವಾಗ ಬರುತ್ತೇನೆ ಎನ್ನಲಿಲ್ಲ. ಸಿದ್ದಕ್ಕ ಗಾಡಿ ಹತ್ತಲಿಲ್ಲ. ಟ್ರೇಗಳನ್ನು ಗಾಡಿಗೆ ಹಾಕಿಕೊಟ್ಟು ತಾನು ಹಳಿಯಾಳದ ಬಸ್ಸು ಹಿಡಿದಳು.

ಆದರೆ ಮರುದಿನ ಬೆಳಿಗ್ಗೆ ಹತ್ತಕ್ಕೆ ಸಿದ್ದಕ್ಕನ ಫೋನ್ ಬಂತು. ಮಳೆಯಲ್ಲೇ ಹೋಗಿದ್ದಾರೆ, ಜೋಯಿಡಾ ಮುಟ್ಟಿದ್ದಾರಂತೆ, ನೀವೂ ಕಾಯುತ್ತಿರುತ್ತೀರಿ ಎಂದು ಹೇಳುತ್ತಿದ್ದೇನೆ ಎಂದಳು. ರಾಜಶ್ರೀ ನಿಜವಾಗಿಯೂ ಕಾಯುತ್ತಿದ್ದಳು. ಬೆಳಗಿನಿಂದ ಒಂದು ಕೆಲಸಕ್ಕೂ ಕೈ ಹಾಕಿರಲಿಲ್ಲ. ಅಲ್ಲಿಂದ ಮುಂದೆ ಸಾತಪ್ಪ ಹೊರಟ ದಿನವೆಲ್ಲ ಹತ್ತರ ಹೊತ್ತಿಗೆ ಆ ಫೋನ್ ಬರುತ್ತಿತ್ತು. ಮುಟ್ಟಿದರು ಎಂಬ ಒಂದು ಮಾತು, ಅಷ್ಟೇ. ಜುಲೈ ಕಳೆಯಿತು. ಅಂಗಡಿಗೆ ಬಂದ ಪ್ರತಿ ಗಾಡಿಗೂ ರಾಜಶ್ರೀ ಮೊದಲು ಮೀಟರ್ ಹಿಡಿಯುತ್ತಿದ್ದಳು. ಗಿರಾಕಿಗಳು ಗೊಣಗುತ್ತಿದ್ದರು.

ಆಗಸ್ಟಿನ ಒಂದು ಗುರುವಾರ ಹತ್ತಾಯಿತು, ಫೋನ್ ಬರಲಿಲ್ಲ. ಮಳೆ ಹಿಡಿದು ಬಾರಿಸುತ್ತಿತ್ತು. ಹನ್ನೊಂದಾಯಿತು. ಅವಳೇ ಹಚ್ಚಿದಳು. ಸಾತಪ್ಪನ ಫೋನ್ ಹತ್ತಲಿಲ್ಲ. ಸಿದ್ದಕ್ಕನದು ಮತ್ತೆ ಮತ್ತೆ ಹಚ್ಚಿದರೂ ಯಾರೂ ಎತ್ತಲಿಲ್ಲ. ಹನ್ನೆರಡಕ್ಕೆ ಅವಳು ಅಂಗಡಿಯ ಶಟರ್ ಎಳೆದು, ಈರೇಶನ ಬೈಕಿನ ಚಾವಿ ತೆಗೆದುಕೊಂಡು, ರೇನ್‌ಕೋಟ್ ಹಾಕಿಕೊಳ್ಳುತ್ತಿದ್ದಳು. ಕೈ ತೋಳಿನೊಳಗೆ ಹೋಗುತ್ತಿರಲಿಲ್ಲ. ಆಗ ಫೋನ್ ರಿಂಗಾಯಿತು.

"ತಂಗಿ, ಹತ್ತು ಸಲ ಹಚ್ಚೀರಿ, ಏನಾತ್ರಿ?" ಸಿದ್ದಕ್ಕನ ದನಿ. ಹಿಂದೆ ಪಾತ್ರೆಗಳ ಸದ್ದು, ಯಾರೋ ಕೊತ್ತಂಬರಿ ಸೂಡು ಎಣಿಸುವ ಸದ್ದು.

ಎಲ್ಲಿದ್ದೀರಿ ಎಂದು ರಾಜಶ್ರೀ ಕೇಳಿದಳು.

"ರೆಸಾರ್ಟ್‌ನ್ಯಾಗ. ಇವತ್ತ ನಾನೂ ಗಾಡ್ಯಾಗ ಬಂದೇನಿ. ಮಾತಾಡ್ಕೋತ ಬಂದ್ವಿ, ಫೋನ್ ಮಾಡೂದ ಮರ್ತ ಹೋತು ನೋಡ್ರಿ."

ರಾಜಶ್ರೀ ಸಾವಕಾಶ ಬರ್ರಿ ಎಂದಷ್ಟೇ ಹೇಳಿ ಫೋನ್ ಇಟ್ಟಳು. ಶಟರಿಗೆ ಒರಗಿ ರೇನ್‌ಕೋಟಿನ ಒಂದೇ ತೋಳು ಹಾಕಿಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅಂಗಡಿ ತೆರೆದಳು.